ಹಳೇ ಆಟಕ್ಕೆ ಹೊಸ ಹುಲ್ಲು

"ಹೊಸ ಗೇಮ್ ಬಂದಿದೆಯಲ್ಲ, ಅದನ್ನೇ ಆಡಬಾರದೇ?" ಎನ್ನುವವರಿಗೆ ಏನು ಹೇಳುವುದು? 2006ರಲ್ಲಿ ಬಂದ ಫುಟ್‌ಬಾಲ್ ವಿಡಿಯೊ ಗೇಮ್ ಪ್ರೊ ಇವಲ್ಯೂಷನ್ ಸಾಕರ್ 6 ಆಡಿ ಪಳಗಿದ ಬೆರಳುಗಳಿಗೆ ಬೇರೆ ಯಾವ ಫುಟ್‌ಬಾಲೂ ಒಗ್ಗುವುದಿಲ್ಲ. ಚೆಂಡಿಗೆ ಅಲ್ಲಿ ತೂಕವಿದೆ. ಬ್ರೆಜಿಲ್‌ನ ಮುನ್ಪಡೆ ಆಟಗಾರ ಅಡ್ರಿಯಾನೊ ಎಡಗಾಲು ಎತ್ತಿದನೆಂದರೆ ಗೋಲ್‌ಕೀಪರನಿಗೆ ದೇವರೇ ಗತಿ. ಬೆರಳಿನ ತಕರಾರೇನೂ ಇಲ್ಲ, ರಗಳೆಯೆಲ್ಲ ಕಣ್ಣಿನದು. ಇಂದಿನ ಅಗಲ ಪರದೆಗೆ ಎಳೆದರೆ ಆಟಗಾರರೆಲ್ಲ ಅಡ್ಡಡ್ಡ ಉಬ್ಬುತ್ತಾರೆ. ಹುಲ್ಲೋ, ಹಸಿರು ಬಳಿದ ಸಿಮೆಂಟು ನೆಲ. ಹೆಸರು ಬಳಸಲು ಲೈಸೆನ್ಸ್ ಸಿಗದ ಚೆಲ್ಸಿ ಕ್ಲಬ್ ಅಲ್ಲಿ ಬರೀ 'ಲಂಡನ್ ಎಫ್‌ಸಿ'.

ಮಾಡ್, ಅಂದರೆ ಅಭಿಮಾನಿಗಳೇ ಮಾಡಿದ ಮಾರ್ಪಾಡು, ಹಾಕುವ ಗೀಳು ಹತ್ತುವುದೇ ಇಲ್ಲಿಂದ. ಕಿಟ್‌ಸರ್ವರ್ ಅಂತ ಒಂದು ಪುಟ್ಟ ತಂತ್ರಾಂಶವಿದೆ. ಅದರ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ. ಮೂಲ ಜರ್ಸಿಗಳ ಫೈಲುಗಳ ತಂಟೆಗೇ ಹೋಗುವುದಿಲ್ಲ. ಗೇಮ್ ತನ್ನ ಹಳೇ ಜರ್ಸಿ ಕೇಳಿದಾಗ ಪಕ್ಕದ ಫೋಲ್ಡರಿನಿಂದ ನಾವಿಟ್ಟದ್ದನ್ನು ಎತ್ತಿ ಕೊಡುತ್ತದೆ, ಪಾಪ, ಗೇಮ್ ಅದನ್ನೇ ತನ್ನದೆಂದು ತೊಡಿಸುತ್ತದೆ. ಆಗಿನ ಕಂಪ್ಯೂಟರುಗಳಿಗೆ ಭಾರವಾಗದಿರಲೆಂದು ದೂರದ ಆಟಗಾರರಿಗೆ ಒರಟೊರಟು ಮೈ ಕೊಟ್ಟಿದ್ದರಲ್ಲ, ಅದನ್ನೂ ಸರಿಪಡಿಸಬಹುದು. ಪರದೆಯ ಅಳತೆಯೂ ಸರಿಹೋಗುತ್ತದೆ.

ಬಣ್ಣ ತಿದ್ದುವ ರೀಶೇಡ್‌ನಂಥವು ಕೈಗೆ ಸಿಕ್ಕರೆ ಮಾತ್ರ ವಿವೇಕ ಉಳಿಯುವುದು ಅನುಮಾನ. ಮೊದಲು ಸ್ವಲ್ಪ ಹೊಳಪು, ಆಮೇಲೆ ಇನ್ನೊಂದಿಷ್ಟು. ಕೊನೆಗೆ ಬಿಳಿ ಜರ್ಸಿಯ ತಂಡ ಟ್ಯೂಬ್‌ಲೈಟುಗಳ ಮೆರವಣಿಗೆ. ನನ್ನ ಕೇಳಿದರೆ, ಹುಲ್ಲು ಬದಲಿಸಿ, ನೆರಳು ತಿದ್ದಿ, ಅಲ್ಲಿಗೆ ಕೈಮುಗಿಯಬೇಕು. ಪಂದ್ಯವಿಡೀ ಕಣ್ಣಿಗೆ ಬೀಳುವುದು ಅವೆರಡೇ.

ಆದರೆ ಜನ ಜೀವ ತೇಯುವುದು ಮುಖಗಳಿಗೆ! ಮೈದಾನದ ಕ್ಯಾಮೆರಾದಲ್ಲಿ ಆಟಗಾರನ ತಲೆ ಒಂದು ಕಾಳಿನಷ್ಟು. ಅವನ ಕುರುಚಲು ಗಡ್ಡ, ಹುಬ್ಬಿನ ಮೇಲಿನ ಗಾಯದ ಗೆರೆ ಕಾಣಬೇಕಾದರೆ ಅವನು ಗೋಲು ಹೊಡೆಯಬೇಕು, ಇಲ್ಲವೇ ಹಳದಿ ಕಾರ್ಡು ತಿನ್ನಬೇಕು. ಹೊಸ ಮುಖ ಹಾಕಿದ ಮೇಲೆ ಅದನ್ನು ನೋಡುವ ಆಸೆಗೆ ಸುಮ್ಮಸುಮ್ಮನೆ ಫೌಲ್ ಮಾಡುವವರಿದ್ದಾರೆ, ನಾನೂ ಅವರಲ್ಲೊಬ್ಬ. ಮುನ್ಪಡೆ, ನಡುಪಡೆ, ರಕ್ಷಣೆ ಎಲ್ಲರಿಗೂ ಮುಖ ಕೂಡಿಸಿ ಮುಗಿಯಿತಪ್ಪ ಎಂದುಕೊಂಡರೆ, ಬೆಂಚಿನಿಂದ ಏಳುವ ಪ್ರಸಂಗವೇ ಬರದ ಮೀಸಲು ಗೋಲ್‌ಕೀಪರ್ ಉಳಿದಿರುತ್ತಾನೆ. ಅವನಿಗೂ ಒಂದು ಹುಡುಕುತ್ತಿದ್ದೇನೆ.