ಇಂಡಿಕೇಟರ್ ಕೆಟ್ಟ ಕಾರನ್ನು ಹಾಗೇ ಓಡಿಸಬೇಡಿ

ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅಂದರೆ ಯಾರೂ ಕಾರು ಹೊರಗೆ ತೆಗೆಯುವುದಿಲ್ಲ. ಇಂಡಿಕೇಟರ್ ಹೋಗಿದೆ ಅಂದರೆ ಮಾತ್ರ ‘ಸರ್ವಿಸ್‌ಗೆ ಬಿಟ್ಟಾಗ ನೋಡಿದರಾಯ್ತು’ ಅನ್ನುತ್ತೇವೆ. ಇದು ನನಗೆ ಒಂಚೂರೂ ಸರಿ ಕಾಣುವುದಿಲ್ಲ. ನೀವು ಎಡಕ್ಕೆ ತಿರುಗುತ್ತಿದ್ದೀರೋ, ಸುಮ್ನೆ ನಿಧಾನ ಮಾಡಿದ್ದೀರೋ ಹಿಂದಿನ ಬೈಕ್‌ನವನಿಗೆ ಹೇಗೆ ಗೊತ್ತಾಗಬೇಕು? ಶಿರಾಡಿ ಘಾಟಿಯಲ್ಲಿ ಮಳೆ ಹೊಯ್ಯುವಾಗ ಕಾರು ಕೆಟ್ಟು ನಿಂತರೆ, ಹಿಂದಿನಿಂದ ಬರುವ ಲಾರಿಗೆ ನಿಮ್ಮನ್ನು ತೋರಿಸುವುದು ಆ ಮಿಣುಕು ದೀಪಗಳೇ ಅಲ್ವಾ.

ಬೇಸರದ ಸಂಗತಿ ಅಂದರೆ, ಬಹಳಷ್ಟು ಸಲ ಇದು ಸಣ್ಣ ರಿಪೇರಿ. ಎಲ್ಲಿ ಕೆಟ್ಟಿದೆ ಅನ್ನುವುದನ್ನು ಇಂಡಿಕೇಟರೇ ಹೇಳುತ್ತದೆ, ಕಿವಿ ಕೊಡಬೇಕಷ್ಟೆ.

ಒಂದು ಕಡೆಗೆ ಹಾಕಿದಾಗ ಮಾತ್ರ ಟಿಕ್ ಟಿಕ್ ಸದ್ದು ಬೇಗಬೇಗ ಓಡುತ್ತಿದ್ದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ ಅಂತಲೇ ಹಿಡಿಯಿರಿ. ಬಲ್ಬ್ ತಿರುಗಿಸಿ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಗಾಜು ಕಪ್ಪಾಗಿರುತ್ತದೆ, ಇಲ್ಲವೇ ಒಳಗಿನ ತಂತಿ ತುಂಡಾಗಿ ನಡುಗುತ್ತಿರುತ್ತದೆ. ಎರಡೂ ಇಲ್ಲದಿದ್ದರೆ ಹೋಲ್ಡರ್ ನೋಡಿ. ಲ್ಯಾಂಪ್ ಒಳಗೆ ನೀರು ಇಳಿದಿದ್ದರೆ ಅಲ್ಲಿ ಬಿಳಿ, ಹಸಿರು ಪುಡಿ ಕೂತಿರುತ್ತದೆ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಗೆ ಇದು ಇನ್ನೂ ಜಾಸ್ತಿ. ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿ, ಕಾರಿನ ಲೋಹದ ಮೈಗೆ ಕೂರಿಸಿರುವ, ಕರೆಂಟ್ ವಾಪಸ್ ಹೋಗುವ ಅರ್ಥ್ ವೈರ್‌ನ ಬೋಲ್ಟನ್ನೂ ಬಿಚ್ಚಿ ತುಕ್ಕು ತೆಗೆದು ಬಿಗಿ ಮಾಡಿ. ಇಂಡಿಕೇಟರ್ ಹಾಕಿದರೆ ಜೊತೆಗೆ ಪಾರ್ಕ್ ಲೈಟೂ ಮಂದವಾಗಿ ಮಿಣುಕುತ್ತಿದೆ ಅಂದರೆ ತಪ್ಪು ಹೆಚ್ಚಾಗಿ ಅರ್ಥ್‌ನಲ್ಲೇ.

ಹೊಸ ಬಲ್ಬ್ ಹಾಕುವಾಗ ಒಂದು ಮಾತು. ಸಾಮಾನ್ಯವಾಗಿ ಇವು 12 ವೋಲ್ಟ್, 21 ವ್ಯಾಟ್‌ನವು. ಕಿತ್ತಳೆ ಬಣ್ಣದ ಬಲ್ಬಿನ ಬುಡದ ಎರಡು ಮೊಳೆಗಳು ನೇರ ಎದುರುಬದುರು ಇರುವುದಿಲ್ಲ, ಬಿಳಿ ಬಲ್ಬಿನವು ಇರುತ್ತವೆ. ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ಕೂರಿಸಬೇಡಿ. ಚೆನ್ನಾಗಿ ಕಾಣುತ್ತದೆ ಅಂತ ಎಲ್ಇಡಿ ಹಾಕಿಸಿದರೆ ಅದು ಎಳೆಯುವ ಕರೆಂಟ್ ಕಡಿಮೆ, ಹಾಗಾಗಿ ಬಲ್ಬ್ ಸುಟ್ಟಿದೆ ಅಂದುಕೊಂಡು ಫ್ಲಾಷರ್ (ದೀಪ ಮಿಣುಕಿಸುವ ರಿಲೇ) ಬೇಗಬೇಗ ಓಡತೊಡಗುತ್ತದೆ.

ಎರಡೂ ಕಡೆ ಸತ್ತಿದ್ದರೆ ಹಜಾರ್ಡ್, ಅಂದರೆ ಎರಡೂ ಬದಿಯ ಇಂಡಿಕೇಟರ್ ಒಟ್ಟಿಗೆ ಮಿಣುಕಿಸುವ ಕೆಂಪು ತ್ರಿಕೋನದ ಬಟನ್, ಒತ್ತಿ ನೋಡಿ. ಕೀ ತೆಗೆದಿದ್ದರೂ ಹಜಾರ್ಡ್ ಉರಿಯಬೇಕು, ಯಾಕೆಂದರೆ ಅದಕ್ಕೆ ಕರೆಂಟ್ ಬರುವ ದಾರಿ ಬೇರೆ. ಇಂಡಿಕೇಟರ್‌ಗೆ ಬರುವುದು ಇಗ್ನಿಷನ್ ಕಡೆಯಿಂದ. ಹಜಾರ್ಡ್ ಉರಿದರೆ ಬಲ್ಬುಗಳೂ ಹೋಗಿಲ್ಲ, ಫ್ಲಾಷರೂ ಸಾಮಾನ್ಯವಾಗಿ ಹೋಗಿಲ್ಲ. ಇಂಡಿಕೇಟರ್‌ನ ಫ್ಯೂಸ್ ನೋಡಿ, ಆಮೇಲೆ ಸ್ಟೀರಿಂಗ್ ಪಕ್ಕದ ಸ್ವಿಚ್ಚು. ಅದಕ್ಕೂ ಮೊದಲು ಹಜಾರ್ಡ್ ಸ್ವಿಚ್ಚನ್ನೇ ಅನುಮಾನಿಸಿ. ಹಳೆಯ ಎಷ್ಟೋ ಕಾರುಗಳಲ್ಲಿ ಇಂಡಿಕೇಟರ್‌ನ ಕರೆಂಟ್ ಆ ಸ್ವಿಚ್ಚಿನ ಒಳಗಿಂದಲೇ ಹಾದು ಬರುತ್ತದೆ. ನಮ್ಮ ಪಕ್ಕದ ಮನೆಯವರಿಗೆ ಒಂದು ಗ್ಯಾರೇಜಿನಲ್ಲಿ ‘ವೈರಿಂಗ್ ಪೂರ್ತಿ ಬದಲಾಯಿಸಬೇಕು’ ಅಂದುಬಿಟ್ಟಿದ್ದರು. ಆ ಕೆಂಪು ತ್ರಿಕೋನದ ಬಟನ್ ಅನ್ನು ಹತ್ತಾರು ಸಲ ಒತ್ತಿ ಬಿಟ್ಟೆವು, ಎರಡೂ ಕಡೆ ಉರಿಯತೊಡಗಿತು. ಒಳಗಿನ ಕಾಂಟ್ಯಾಕ್ಟ್‌ಗಳಿಗೆ ಕಿಲುಬು ಹಿಡಿದಿತ್ತು. ಆಮೇಲೆ ಅವರು ಸ್ವಿಚ್ ಒಂದನ್ನೇ ಬದಲಾಯಿಸಿಕೊಂಡರು. ಗೊತ್ತಿಲ್ಲದವರ ಕೈಯಲ್ಲಿ ಹೀಗೆ ದುಡ್ಡು ಕೀಳುವುದು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇಂಡಿಕೇಟರ್, ಹಜಾರ್ಡ್ ಎರಡೂ ಉರಿಯದೆ, ಸದ್ದೂ ಇಲ್ಲದಿದ್ದರೆ ಫ್ಯೂಸ್ ಅಥವಾ ಫ್ಲಾಷರ್ ರಿಲೇ. ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರ್‌ನದ್ದನ್ನೇ ಹಾಕಿ: ಕೆಂಪು 10, ನೀಲಿ 15, ಹಳದಿ 20. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ದಯವಿಟ್ಟು ಬೇಡ. ಮುಂದಿನ ಸಲ ಫ್ಯೂಸ್ ಬದಲು ವೈರೇ ಸುಡುತ್ತದೆ, ಕಾರಿಗೆ ಬೆಂಕಿ ಹತ್ತಲು ಅಷ್ಟು ಸಾಕು. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ಶಾರ್ಟ್ ಇದೆ, ಇಲಿ ಕಡಿದಿದೆಯಾ ನೋಡಿಸಿ. ಈಗಿನ ಎಷ್ಟೋ ಕಾರುಗಳಲ್ಲಿ ಫ್ಲಾಷರಿನ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಟಿಕ್ ಟಿಕ್ ಕೂಡ ಎಷ್ಟೋ ಸಲ ಸ್ಪೀಕರ್‌ನಿಂದ ಬರುತ್ತದೆ. ಫ್ಯೂಸ್, ಬಲ್ಬ್ ಸರಿ ಇದ್ದರೆ ಅಂಥ ಕಾರನ್ನು ಆ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರ ಹತ್ತಿರವೇ ಒಯ್ಯಿರಿ.

ಇನ್ನೊಂದು ಬಿನ್ನಹ. ಸರ್ಕಲ್‌ನಲ್ಲಿ ನೇರ ಹೋಗಲು ಹಜಾರ್ಡ್ ಹಾಕುವ ಅಭ್ಯಾಸ ಬಿಡಿ. ಪಕ್ಕದಿಂದ ಬರುವವನಿಗೆ ಕಾಣುವುದು ಒಂದೇ ಬದಿಯ ದೀಪ, ನೀವು ತಿರುಗುತ್ತೀರಿ ಅಂತ ಅವನು ಮುಂದೆ ನುಗ್ಗುತ್ತಾನೆ.

ರಿಪೇರಿಯವರ ತನಕ ಓಡಿಸಲೇಬೇಕಾದರೆ ಹಗಲಲ್ಲೇ ಹೋಗಿ, ಕೈಸನ್ನೆ ಮಾಡಿ. ಬಲಕ್ಕೆ ತಿರುಗುವುದಾದರೆ ಬಲಗೈ ನೇರ ಹೊರಗೆ ಚಾಚಿ, ಅಂಗೈ ಮುಂದಕ್ಕಿರಲಿ. ಎಡಕ್ಕಾದರೆ ಅದೇ ಕೈಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಕತ್ತಲಾದ ಮೇಲೆ ಈ ಸನ್ನೆ ಯಾರಿಗೂ ಕಾಣುವುದಿಲ್ಲ, ಆಟೋ ಹತ್ತಿ ಮನೆಗೆ ಬನ್ನಿ.