ಎರಡು ಡಿಸ್ಕ್, ಒಂದರಷ್ಟೇ ಜಾಗ

ಮನೆಗೆ ನ್ಯಾಸ್ ತಗೊಳ್ಳೋದರಲ್ಲಿ ಕಷ್ಟದ ಕೆಲಸ ಅಂದರೆ ಅದೇನು ಅಂತ ಮನೆಯವರಿಗೆ ಹೇಳೋದು. ರೂಟರ್ ಪಕ್ಕ ಕೂರುವ ಒಂದು ಡಬ್ಬ, ಒಳಗೆ ಹಾರ್ಡ್ ಡಿಸ್ಕ್, ಎಲ್ಲರ ಫೋನಿನ ಫೋಟೋಗಳೂ ವೈಫೈನಲ್ಲೇ ಅದಕ್ಕೆ ಹೋಗಿ ಸೇರುತ್ತವೆ ಅಂದೆ. ಎಲ್ಲಾ ಗೂಗಲ್‌ನಲ್ಲಿ ಇದೆಯಲ್ಲ ಅಂದರು. ಇದೆ, ಆದರೆ ಎಷ್ಟು ಬೇಕಾದರೂ ಪುಕ್ಕಟೆ ತುಂಬಿಡುವ ಕಾಲ 2021ರ ಜೂನ್‌ಗೇ ಮುಗಿಯಿತು. ಈಗ ಬಿಟ್ಟಿ ಸಿಗೋದು 15 ಜಿಬಿ, ಅದರಲ್ಲೂ ಜಿಮೇಲ್‌ಗೆ ಪಾಲು. ಒಂದು ಗೃಹಪ್ರವೇಶದ ವಿಡಿಯೋ ಬಂದು ಬಿದ್ದರೆ ಮುಗೀತು.

ನಾಲ್ಕು ಟಿಬಿಯ ಎರಡು ಡಿಸ್ಕ್ ಹಾಕ್ತೀನಿ, ಸಿಗೋ ಜಾಗ ಮಾತ್ರ ನಾಲ್ಕೇ ಟಿಬಿ ಅಂದಾಗ ಅಮ್ಮ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು. "ನಾಲ್ಕು ಟಿಬಿದು ಎರಡು ತಗೊಂಡ್ರೆ ಎಂಟಾಗಬೇಕಲ್ವಾ? ನಾಲ್ಕೇ ಯಾಕೆ? ಇನ್ನೊಂದು ಸುಮ್ನೆ ಕೂತಿರತ್ತಾ?"

"ಇಲ್ಲ ಅಮ್ಮ, ಒಂದು ಬರೆದದ್ದನ್ನೇ ಇನ್ನೊಂದೂ ಬರ್ಕೊಳ್ಳುತ್ತೆ. ಒಂದು ಕೆಟ್ಟರೆ ಇನ್ನೊಂದಿದೆ."

"ಕಾಪಿ ಹೊಡೆಯೋದು ಅನ್ನು."

ಅಷ್ಟೇ. ರೇಡ್ 1 ಅಂತ ಕರೆಯುವ ಈ ಏರ್ಪಾಡಿಗೆ ಇದಕ್ಕಿಂತ ಒಳ್ಳೆ ವಿವರಣೆ ನಾನೆಲ್ಲೂ ಓದಿಲ್ಲ. ತಪ್ಪು ಬರೆದರೂ ಕಾಪಿ ಹೊಡೆಯುತ್ತೆ ಅನ್ನೋದೂ ಅದರಲ್ಲೇ ಬಂತು. ಮಗಳು ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಹೋಗುತ್ತೆ, ವೈರಸ್ ಬಂದು ಫೈಲುಗಳಿಗೆ ಬೀಗ ಜಡಿದರೆ ಎರಡಕ್ಕೂ ಜಡಿಯುತ್ತೆ. ಹಾಗಾಗಿ ಇದನ್ನು ಬ್ಯಾಕಪ್ ಅಂತ ಮಾರುವವರ ಮಾತು ನಂಬಬೇಡಿ.

ಡಬ್ಬದ ಕಂಪನಿ ಸಿನಾಲಜಿಯೋ ಕ್ಯೂನ್ಯಾಪೋ, ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಅಂತ ಜನ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಫೋಟೋ ಇಟ್ಟು ಹಳೇ ಸಿನಿಮಾ ನೋಡುವ ಮನೆಗೆ ಎರಡು ಡಿಸ್ಕ್ ಹಿಡಿಸುವ ಯಾವ ಸಾಧಾರಣ ಡಬ್ಬವಾದರೂ ಸಾಕು ಅಂತ ನನ್ನ ಅಭಿಪ್ರಾಯ. ನೋಡಬೇಕಾದ್ದು ಒಳಗಿನ ಡಿಸ್ಕ್. ಅದರಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಜಾತಿ. ಸಿಎಂಆರ್‌ನಲ್ಲಿ ಬರಹದ ಸಾಲುಗಳು ಒಂದರ ಪಕ್ಕ ಒಂದು ಇರುತ್ತವೆ, ನ್ಯಾಸ್‌ಗೆ ಬೇಕಾದ್ದು ಅದೇ. ಎಸ್‌ಎಂಆರ್‌ನಲ್ಲಿ ಅವು ಮಂಗಳೂರು ಹಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹತ್ತಿಕೊಂಡಿರುತ್ತವೆ. ನಡುವಿನ ಒಂದನ್ನು ಬದಲಿಸಬೇಕಾದರೆ ಮೇಲೆ ಕೂತಿರೋದನ್ನೂ ಎತ್ತಿ ಮತ್ತೆ ಹೊದಿಸಬೇಕು. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದಾಗ ಅದಕ್ಕೆ ಪೂರ್ತಿ ಕಾಪಿ ಆಗುವಷ್ಟರಲ್ಲಿ ತಾಳ್ಮೆ ಮುಗಿಯುತ್ತೆ. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ ಕೆಲವು ಡಿಸ್ಕ್‌ಗಳಲ್ಲಿ ಈ ಎಸ್‌ಎಂಆರ್ ಅನ್ನು ಹೇಳದೇ ಹಾಕಿತ್ತು ಅಂತ 2020ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಈಗ ಅವರಲ್ಲಿ ರೆಡ್ ಪ್ಲಸ್ ಅಂದರೆ ಸಿಎಂಆರ್. ಸೀಗೇಟ್‌ನವರ ಐರನ್‌ವುಲ್ಫ್ ಕೂಡ ಅದೇ. ಕೊಳ್ಳುವಾಗ ಮಾಡೆಲ್ ನಂಬರ್ ಪೂರ್ತಿ ಓದಿ, ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂದರೂ ಓದಿ. ಆಮೇಲೆ 4 ಟಿಬಿ ಡಿಸ್ಕ್ ಕಂಪ್ಯೂಟರಿನಲ್ಲಿ 3.63 ಅಂತ ಕಂಡರೆ ಮೋಸ ಅಂತ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.

ಯುಪಿಎಸ್ ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಆಡುವ ಆಟಕ್ಕೆ ಬರೆಯುತ್ತಿರುವ ಡಿಸ್ಕ್ ಎಷ್ಟು ಸಲ ತಡೆದೀತು? ಡಬ್ಬವನ್ನು ಮಲಗುವ ಕೋಣೆಯಲ್ಲಂತೂ ಇಡಬೇಡಿ, ರಾತ್ರಿಯೆಲ್ಲಾ ಕಟಕಟ ಅನ್ನುತ್ತೆ.

ಇಷ್ಟಾದ ಮೇಲೂ ಇನ್ನೊಂದು ಪ್ರತಿ ಮನೆಯ ಹೊರಗೆ ಇರಬೇಕು. ಒಂದು ಯುಎಸ್‌ಬಿ ಡಿಸ್ಕ್‌ಗೆ ಎಲ್ಲಾ ತುಂಬಿಸಿ ಶಿವಮೊಗ್ಗದ ತಂಗಿ ಮನೆಯಲ್ಲಿ ಇಡೋಣ ಅಂತ ಕೇಳಿದೆ. ಒಪ್ಪಿದ್ದಾಳೆ. ಆದರೆ ಅವಳ ಮದುವೆಯ ವಿಡಿಯೋದಲ್ಲಿ ಊಟದ ಪಂಕ್ತಿಯ ಭಾಗ ಕತ್ತರಿಸಿ ಕೊಡಬೇಕಂತೆ.