ಮೂರನೇ ದರ್ಜೆಯವರು ಸದ್ದು ಮಾಡಬಾರದು

ಲಿನಕ್ಸ್ ಆಧಾರಿತ ಡೆಬಿಯನ್ ಎಂಬ ಕಾರ್ಯಾಚರಣಾ ವ್ಯವಸ್ಥೆಯವರ ನೋಟಿಸ್ ನೀವೂ ಓದಿರುತ್ತೀರಿ. 2025ರ ಅಕ್ಟೋಬರ್ ಕೊನೆಗೆ ಬಂದಿದ್ದು. 2026ರ ಮೇಗಿಂತ ಮೊದಲಲ್ಲ, ಆದರೆ ಆಮೇಲೆ ಅದರಲ್ಲಿ ಸಾಫ್ಟ್‌ವೇರ್ ಹಾಕಿಕೊಡುವ ಎಪಿಟಿಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕೇ ಬೇಕಂತೆ. ನಿಮ್ಮ ಪೋರ್ಟ್‌ಗೆ, ಅಂದರೆ ನಿಮ್ಮ ಬಗೆಯ ಚಿಪ್‌ಗೆ ಹೊಂದಿಸಿದ ಆವೃತ್ತಿಗೆ, ರಸ್ಟ್ ಇಲ್ಲವೇ? ಆರು ತಿಂಗಳಲ್ಲಿ ತನ್ನಿ, ಇಲ್ಲದಿದ್ದರೆ ಅಂಗಡಿ ಮುಚ್ಚಿ. ಸಿಕ್ಕಿಬಿದ್ದವರು ಆಲ್ಫಾ, ಎಚ್‌ಪಿಪಿಎ, ಎಂ68ಕೆ, ಎಸ್‌ಎಚ್4 ಎಂಬ ಹಳೇ ಚಿಪ್‌ಗಳ ಪೋರ್ಟ್‌ಗಳು.

ಆದರೆ ಎಂ68ಕೆ ರಸ್ಟ್‌ನವರ ಬೆಂಬಲಿತ ಚಿಪ್‌ಗಳ ಪಟ್ಟಿಯಲ್ಲಿ ಇದೆಯಲ್ಲ! ಇದೆ, ಮೂರನೇ ದರ್ಜೆಯಲ್ಲಿ. ನಮ್ಮ ರೈಲಿನ ತ್ರೀ ಟಯರ್‌ನಲ್ಲಿ ಮೇಲಿನ ಬರ್ತ್ ಸಿಕ್ಕಿದರೂ ಬೆನ್ನು ಚಾಚಬಹುದು. ಚಾಯ್‌ವಾಲಾ ಬರುತ್ತಾನೆ, ಪಕ್ಕದವರು ಚಕ್ಕುಲಿ ಕೊಡುತ್ತಾರೆ, ನಡುರಾತ್ರಿ ಯಾರೋ ಅರಸೀಕೆರೆ ಬಂತಾ ಅಂತ ಕೇಳಿ ಎಬ್ಬಿಸುತ್ತಾರೆ. ಬೆಳಗ್ಗೆ ಊರು ಬರುವುದಂತೂ ಖಾತ್ರಿ. ರಸ್ಟ್‌ನ ಮೂರನೇ ದರ್ಜೆ ಹಾಗಲ್ಲ. ನಿಮ್ಮ ಹೆಸರಿನ ಕೋಡ್ ಇರುತ್ತದೆ. ಅದರಿಂದ ಪ್ರೋಗ್ರಾಂ ತಾನಾಗಿ ತಯಾರಾಗುವ ವ್ಯವಸ್ಥೆ ಇಲ್ಲ, ತಾನಾಗಿ ನಡೆಯುವ ಪರೀಕ್ಷೆಯೂ ಇಲ್ಲ. ಓಡಿದರೆ ಓಡಿತು.

ಇದಕ್ಕೆ ನಿಯಮಾವಳಿಯೂ ಇದೆ. ಬಹಳ ಸಭ್ಯವಾದದ್ದು. ಬೇರೆಯವರು ಕೋಡ್‌ಗೆ ಮಾಡುವ ತಿದ್ದುಪಡಿಯಿಂದ ನಿಮ್ಮ ಪೋರ್ಟ್ ಮುರಿದುಬಿದ್ದರೂ ಆ ತಿದ್ದುಪಡಿಯನ್ನು ತಡೆಯಿರಿ ಅಂತ ಅದರ ಚರ್ಚೆಯಲ್ಲಿ ಬರೆಯಬಾರದು. ಅವರು ಒಪ್ಪದ ಹೊರತು ತಾನಾಗಿ ಹೋಗುವ ಸೂಚನೆಯನ್ನೂ ಕಳಿಸಬಾರದು. ಮನೆ ಕುಸಿದರೆ ಸುಮ್ನೆ ಬೇರೆ ಕಟ್ಟಿಕೊಳ್ಳಿ, ಪಕ್ಕದವರ ನಿದ್ದೆ ಕೆಡಿಸಬೇಡಿ. ಎಂಥಾ ಸಂಸ್ಕಾರ, ಅಲ್ವಾ?

ರಸ್ಟ್ ಕೋಡನ್ನು ಚಿಪ್‌ನ ಭಾಷೆಗೆ ಇಳಿಸುವ ಎಲ್‌ಎಲ್‌ವಿಎಂನ ಔದಾರ್ಯ ಇನ್ನೂ ದೊಡ್ಡದು. ಎಂ68ಕೆ ಮನೆತನದ ಮೋಟೊರೊಲಾ 68000 ಚಿಪ್ ಬಂದಿದ್ದು 1979ರಲ್ಲಿ. ಮೊದಲ ಮ್ಯಾಕಿಂಟಾಷ್, ಅಮಿಗಾ, ಅಟಾರಿ ಎಸ್‌ಟಿ ಎಲ್ಲ ಅದರ ಮೇಲೆಯೇ ಓಡಿದವು. 2021ರಲ್ಲಿ ಎಲ್‌ಎಲ್‌ವಿಎಂನವರು ಆ ಮನೆತನವನ್ನು ಒಳಗೆ ಬಿಟ್ಟುಕೊಂಡು 'ಪ್ರಾಯೋಗಿಕ' ಅಂತ ಚೀಟಿ ಅಂಟಿಸಿದರು. ಅಜ್ಜನಿಗೆ ಪ್ರೊಬೇಷನ್!

ಹಳೇ ಯಂತ್ರಕ್ಕಾಗಿ ಎಲ್ಲರೂ ಕಾಯಬೇಕು ಅಂತ ನಾನೇನೂ ಹಟ ಹಿಡಿಯುವುದಿಲ್ಲ. ಕಾಯಲು ಆಗದಿದ್ದರೆ ಆಗುವುದಿಲ್ಲ ಅನ್ನಿ, ಮುಗಿಯಿತು. ಅದನ್ನು 'ಬೆಂಬಲಿತ' ಪಟ್ಟಿ ಅಂತ ಕರೆಯುವುದು ಯಾಕೆ? ಆ ಹೆಸರಿನ ಹಿಂದೆ ಇರುವುದು ಸಂಜೆ ಕೆಲಸ ಮುಗಿಸಿ ಬಂದು ಕೂರುವ ಒಬ್ಬಿಬ್ಬರು. ಯಂತ್ರ ಅವರದು, ಕರೆಂಟ್ ಬಿಲ್ ಅವರದು, ಬೈಗುಳವೂ ಅವರಿಗೇ. ಜಿಸಿಸಿ ಎಂಬ ಇನ್ನೊಂದು ಕಂಪೈಲರ್ (ಕೋಡನ್ನು ಚಿಪ್‌ಗೆ ಅರ್ಥವಾಗುವಂತೆ ಮಾಡುವ ಸಾಧನ) ತನ್ನ ಹಳೇ ಒಳರಚನೆ ಕಿತ್ತುಹಾಕಲು ಹೊರಟಾಗ ಎಂ68ಕೆ ಉಳಿಸಲು ಜನ ಗಣೇಶನ ಹಬ್ಬಕ್ಕೆ ಎತ್ತುವ ಹಾಗೆ ಚಂದಾ ಎತ್ತಿದರು. ಆ ದುಡ್ಡಿಗೇ ಕೆಲಸ ಆಯಿತು. ಉಳಿದಿದ್ದು ಹಾಗೆ, ಪಟ್ಟಿಯಲ್ಲಿ ಹೆಸರಿದ್ದ ಪುಣ್ಯದಿಂದಲ್ಲ.

ಇಂಟೆಲ್‌ನ ಹಳೇ ಚಿಪ್ ಇಟೇನಿಯಂ ಕಥೆ ಇನ್ನೂ ಚೆಂದ. ಜಿಸಿಸಿಯ 14ನೇ ಆವೃತ್ತಿಯಲ್ಲಿ ಅದಕ್ಕೆ ತಿಥಿ ದಿನ ಗೊತ್ತುಮಾಡಿದ್ದರು. ನೋಡಿಕೊಳ್ಳುತ್ತೇನೆ ಅಂತ ಕೈ ಎತ್ತುವವರು ಸಿಕ್ಕಿದರು. 15ರಲ್ಲಿ ತಿಥಿ ರದ್ದು. ಅವರು ಎತ್ತಿದ ಕೈ ಇಳಿಸದಿರಲಿ ಅಂತ ನಾನೊಂದು ಹಣ್ಣುಕಾಯಿ ಮಾಡಿಸಿ ಬಂದಿದ್ದೇನೆ.